ಒಳಗಿನ ಡೈರಿ

ಬೆಳಗಿನ ಹಾಲು ಮುಗಿದು, ಟ್ಯಾಂಕರು ಬಂದು ಹೋಗಿ, ತೊಳೆದ ನೆಲದ ನೀರು ಹೊಸ್ತಿಲ ಹತ್ತಿರ ಇನ್ನೂ ನಿಂತಿದ್ದಾಗ ಊರಿನ ಹಾಲಿನ ಡೈರಿಯ ಸೆಕ್ರೆಟರಿ ಮಹದೇವಸ್ವಾಮಿ ಅಲ್ಲಿನ ಕಂಪ್ಯೂಟರಿನ ಮುಂದೆ ಕೂತು ಎರಡು ಹೆಸರುಗಳನ್ನು ನೋಡುತ್ತಿದ್ದ. ಎಡಗಡೆ ವರ್ಚುವಲ್‌ಬಾಕ್ಸ್, ಬಲಗಡೆ ವಿಎಂವೇರ್. ಎರಡನ್ನೂ ಪರದೆಯ ಮೇಲೆ ಸರಿಸಮ ಇಟ್ಟುಕೊಂಡಿದ್ದ, ಒಂದಕ್ಕೆ ಚೂರು ಜಾಸ್ತಿ ಜಾಗ ಸಿಕ್ಕರೂ ಇನ್ನೊಂದಕ್ಕೆ ಬೇಜಾರಾದೀತು ಅನ್ನುವ ಹಾಗೆ. ಎರಡೂ ಮಾಡುವುದು ಒಂದೇ ಕೆಲಸ: ಇರುವ ಕಂಪ್ಯೂಟರಿನ ಹೊಟ್ಟೆಯೊಳಗೆ ಇನ್ನೊಂದು ಕಂಪ್ಯೂಟರನ್ನು ಇಟ್ಟುಕೊಡುತ್ತವೆ. ಒಳಗಿನದು ಕೆಟ್ಟರೆ ಹೊರಗಿನದಕ್ಕೆ ಏನೂ ಆಗುವುದಿಲ್ಲ. ಇಷ್ಟು ಅವನಿಗೆ ಅರ್ಥವಾಗಿ ತಿಂಗಳಾಗುತ್ತ ಬಂದಿತ್ತು. ಅರ್ಥವಾಗದೆ ಉಳಿದದ್ದು ಯಾವುದನ್ನು ಒತ್ತಬೇಕು ಎಂಬುದೊಂದೇ. ಮೌಸನ್ನು ಬಲಕ್ಕೆ ತಂದರೆ, ಇಷ್ಟು ದಿನ ಎಡಗಡೆಯದರ ಬಗ್ಗೆ ಓದಿ, ಮನಸ್ಸಿನಲ್ಲೇ ಅದನ್ನು ಹೊಗಳಿ, ಈಗ ಮಾತಿಗೆ ತಪ್ಪಿದಂತೆ ಅನ್ನಿಸುತ್ತಿತ್ತು. ಎಡಕ್ಕೆ ತಂದರೆ ಬಲಗಡೆಯದು ಬೆನ್ನ ಹಿಂದಿನಿಂದ ನೋಡುತ್ತಿದೆ ಅನ್ನಿಸುತ್ತಿತ್ತು. ವಿಂಡೋಸ್ ಜೊತೆಗೇ ಬರುವ ಹೈಪರ್-ವಿ ಎಂಬ ಮೂರನೆಯದೂ ಒಂದಿತ್ತು. ಡೈರಿಯಲ್ಲಿರುವ ವಿಂಡೋಸ್ ಸಣ್ಣ ಆವೃತ್ತಿಯದು, ಅದಕ್ಕೆ ಅದು ಬರುವುದಿಲ್ಲ ಎಂದು ಗೊತ್ತಾದ ದಿನ ಯಾರೋ ಹೆಗಲ ಮೇಲಿನ ಮೂಟೆ ಇಳಿಸಿಕೊಂಡಷ್ಟು ಸುಖವಾಗಿತ್ತು. ಉಳಿದೆರಡರಲ್ಲಿ ಒಂದಕ್ಕಾದರೂ ಹಾಗೆ ಏನಾದರೂ ಆಗಬಾರದೆ ಎಂದು ಕಾಯುತ್ತ ಕೂತಿದ್ದ.

ಇದೆಲ್ಲ ಮಂಚಮ್ಮನಿಂದ ಶುರುವಾದದ್ದು. ಅಲ್ಲ, ಮಂಚಮ್ಮನ ತಪ್ಪೇನಿದೆ, ತನ್ನಿಂದಲೇ. ಹಾಲಿನ ಲೆಕ್ಕದ ತಂತ್ರಾಂಶ ಮಾಡಿಕೊಟ್ಟ ಕಂಪನಿಯವರು ಹೊಸ ಆವೃತ್ತಿ ಕಳಿಸಿದ್ದರು. ಅವನು ಮುಂದೆ ಹಿಂದೆ ನೋಡದೆ, ಸಾಲಿನಲ್ಲಿ ಒಬ್ಬರು ಹೋಗಿ ಇನ್ನೊಬ್ಬರು ಬರುವ ಸಂದಿಯಲ್ಲಿ ಅದನ್ನು ಹಾಕಿಬಿಟ್ಟಿದ್ದ. ಆಮೇಲೆ ಯಾರು ಹಾಲು ಹಾಕಿದರೂ ಮಂಚಮ್ಮನ ಹೆಸರಿಗೇ ಹೋಯಿತು. ಅವನು ಫ್ಯಾಟು ನೋಡುತ್ತಿದ್ದನೇ ಹೊರತು ಹೆಸರು ನೋಡುತ್ತಿರಲಿಲ್ಲ. ಹಾಕಿದವರು ಚೀಟಿಯನ್ನು ಓದದೆ ಜೇಬಿಗೆ, ಸೆರಗಿನ ಗಂಟಿಗೆ ಸೇರಿಸಿಕೊಂಡು ಹೋದರು. ಒಂದೇ ಹಸು, ಅದೂ ಬತ್ತುತ್ತ ಬಂದಿದ್ದ ಹಸು ಇಟ್ಟುಕೊಂಡ ಮಂಚಮ್ಮನ ಮೊಬೈಲು ಡೈರಿಯ ಮೆಸೇಜು ಬಂದು ಬಂದು ಬೆಳಿಗ್ಗೆಯೆಲ್ಲ ಟಣ್ ಟಣ್ ಎಂದು ಬಡಿದುಕೊಂಡು, ಯಾರೋ ಹೋಗಿಬಿಟ್ಟಿದ್ದಾರೆ ಎಂದು ಅವಳು ಗಾಬರಿಯಿಂದ ಅಕ್ಕಪಕ್ಕದ ಮನೆಗೆ ಓಡಿದಳು. ಊರಿನ ಅಷ್ಟೂ ಹಾಲು ಒಂದು ಹೊತ್ತಿನ ಮಟ್ಟಿಗೆ ಅವಳದಾಗಿತ್ತು. ಅದನ್ನು ಸರಿಮಾಡಲು ಅವನು ಮನೆಮನೆಗೆ ಹೋಗಿ, "ನೀವು ಎಷ್ಟ್ ಹಾಕಿದ್ರಿ?" ಎಂದು ಕೇಳಬೇಕಾಯಿತು. ಪ್ರತಿಯೊಬ್ಬರೂ ಹಾಕಿದ್ದಕ್ಕಿಂತ ಒಂದು ಚಟಾಕು ಜಾಸ್ತಿ ಹೇಳಿದರು, ಹೇಳುವಾಗ ಅವನ ಮುಖವನ್ನೇ ನೋಡಿದರು, ಅವನು ತಲೆ ತಗ್ಗಿಸಿ ಬರೆದುಕೊಂಡ. ಮಾರನೆಯ ಬೆಳಿಗ್ಗೆ ಮಂಚಮ್ಮ ಮಡಿಕೆ ಮುರಿಯದ ಸೀರೆಯುಟ್ಟು ಡೈರಿಗೆ ಬಂದು ಬೆಂಚಿನ ಮೇಲೆ ಕೂತಳು. "ನೆನ್ನೆ ಊರ್ ಆಲ್ನೆಲ್ಲ ನಾನೇ ಆಕಿದ್ನಂತೆ ಕಣಪ್ಪಾ" ಎಂದಳು. ಅದರಲ್ಲಿ ಕೊಂಕಿರಲಿಲ್ಲ. ಅದಕ್ಕೇ ಅವನಿಗೆ ತಡೆದುಕೊಳ್ಳಲಾಗಲಿಲ್ಲ.

ಕಂಪನಿಯಿಂದ ಫೋನು ಮಾಡಿದ ಇಂಜಿನಿಯರು ದಿವ್ಯ ಎಂಬ ಹುಡುಗಿ. ಬೈಯಲಿಲ್ಲ, ಹಳೆಯ ಆವೃತ್ತಿಯನ್ನೇ ವಾಪಸು ಹಾಕಿಸಿ, ಸರಿಮಾಡಿದ ಹೊಸದನ್ನು ಕಳಿಸುತ್ತೇವೆ ಎಂದಳು. "ಸರ್, ಹೊಸ ವರ್ಷನ್ ಬಂದಾಗ ನೇರವಾಗಿ ಮೇನ್ ಸಿಸ್ಟಮ್‌ಗೆ ಹಾಕ್ಬಾರ್ದು. ಒಂದು ಟೆಸ್ಟ್ ಮಾಡ್ಕೊಳಿ. ಒಳಗೆ ಒಂದು ವರ್ಚುವಲ್ ಮಷೀನ್ ಇಟ್ಕೊಂಡು, ಬ್ಯಾಕಪ್‌ನ ಅದರಲ್ಲಿ ಹಾಕಿ, ಮೊದಲು ಅಲ್ಲಿ ನೋಡಿ. ಅಲ್ಲಿ ಸರಿ ಇದ್ರೆ ಆಮೇಲೆ ಇಲ್ಲಿ" ಎಂದಳು. "ಯಾವುದು ಹಾಕ್ಲಿ ಮೇಡಂ?" ಎಂದು ಕೇಳಿದ. "ಯಾವುದಾದ್ರೂ ಪರವಾಗಿಲ್ಲ ಸರ್, ನಿಮಗಿಷ್ಟ ಬಂದಿದ್ದು." ಅವಳು ಫೋನಿಟ್ಟ ಮೇಲೆಯೂ ಅವನು ತನ್ನದನ್ನು ಕಿವಿಯಲ್ಲೇ ಇಟ್ಟುಕೊಂಡು ನಿಂತಿದ್ದ. ನಿಮಗಿಷ್ಟ ಬಂದಿದ್ದು. ಅವನಿಗೆ ಇಷ್ಟ ಬಂದದ್ದು ಎಂಬುದೊಂದು ಎಲ್ಲೋ ಇದೆ, ತಾನು ಮನಸ್ಸು ಮಾಡಿದರೆ ಹೋಗಿ ತರಬಹುದು ಎಂದು ಈ ಜನ ಹೇಗೆ ನಂಬಿದ್ದಾರೆ? ಅಂಗಿಯ ಬಟ್ಟೆಯನ್ನು ಹೆಂಡತಿ ಪ್ರಮೀಳಾ ತರುತ್ತಾಳೆ. ಓದಿದ್ದು ಸೋದರಮಾವ ಅರ್ಜಿ ತಂದ ಕಾಲೇಜಿನಲ್ಲಿ. ಹೋಟೆಲಿಗೆ ಹೋದರೆ ಪಕ್ಕದ ಮೇಜಿನವನು ಹೇಳಿದ್ದನ್ನೇ ಹೇಳುತ್ತಾನೆ, ಒಮ್ಮೆ ಬೆಳ್ಳೂರು ಕ್ರಾಸಿನಲ್ಲಿ ಹಾಗೆ ಹೇಳಿ, ಇಷ್ಟವಿಲ್ಲದ ಪೂರಿಯನ್ನು ಪೂರ್ತಿ ತಿಂದು ಬಂದಿದ್ದ.

"ಯಾವ್ದಾರ ಒಂದ ಆಕ್ಕಳಿ ಅತ್ಲಾಗಿ" ಎಂದಳು ಪ್ರಮೀಳಾ, ಅಂಗನವಾಡಿಗೆ ಹೊರಡುತ್ತ, ಚಪ್ಪಲಿಯೊಳಗೆ ಕಾಲು ತೂರಿಸಿಕೊಳ್ಳುತ್ತ. "ಒಂದಾಕುದ್ರೆ ಇನ್ನೊಂದೇನು ಅಳ್ತಾ ಕೂತ್ಕತದಾ?" ಅವನು ಬೆಚ್ಚಿಬಿದ್ದು ಅವಳ ಮುಖ ನೋಡಿದ. ಅವಳು ಆಗಲೇ ಬೀದಿಯಲ್ಲಿದ್ದಳು.

ಯಾಕೆಂದರೆ ಪಾಂಡವಪುರದ ಆ ಮನೆಯಲ್ಲಿ ಹೆಣ್ಣು ನೋಡಲು ಹೋದಾಗ ಇಬ್ಬರು ಬಂದಿದ್ದರು. ಒಬ್ಬಳ ಕೈಯಲ್ಲಿ ಕಾಫಿ ಲೋಟಗಳ ತಟ್ಟೆ, ಇನ್ನೊಬ್ಬಳ ಕೈಯಲ್ಲಿ ಕೋಡುಬಳೆ. ಅಕ್ಕ ತಂಗಿ, ಹೆಚ್ಚು ಕಡಿಮೆ ಒಂದೇ ಎತ್ತರ, ಇಬ್ಬರೂ ತಲೆ ತಗ್ಗಿಸಿದ್ದರು. ಇವರಲ್ಲಿ ಯಾರು ಎಂದು ಯಾರೂ ಹೇಳಲಿಲ್ಲ, ಎಲ್ಲರಿಗೂ ಗೊತ್ತಿರುವುದನ್ನು ಕೇಳುವುದು ಹೇಗೆ ಎಂದು ಅವನೂ ಕೇಳಲಿಲ್ಲ. ಹಿಂದಿರುಗುವಾಗ ಬಸ್‌ಸ್ಟ್ಯಾಂಡಿನಲ್ಲಿ ಮಾವ, "ಒಪ್ಗೆ ಏನ್ಲಾ?" ಎಂದ. ಅವನು ಹೂಂ ಅಂದ. ಯಾರನ್ನು ಒಪ್ಪಿದ ಎಂದು ಗೊತ್ತಾದದ್ದು ನಿಶ್ಚಿತಾರ್ಥದ ದಿನ. ಕೋಡುಬಳೆ ತಂದಿದ್ದ ಅಕ್ಕನಿಗೆ ಆಗಲೇ ಶ್ರೀರಂಗಪಟ್ಟಣದಲ್ಲಿ ಗಂಡು ಗೊತ್ತಾಗಿತ್ತಂತೆ. ಅವಳ ಮೇಲೆ ಅವನಿಗೆ ಮನಸ್ಸಿತ್ತು ಎಂದಲ್ಲ. ಪ್ರಮೀಳಾಳ ಮೇಲೆ ಇರಲಿಲ್ಲ ಎಂದೂ ಅಲ್ಲ. ಅವನು ಹೂಂ ಅಂದದ್ದು ಯಾರಿಗೂ ಅಲ್ಲ, ಬಸ್ಸು ಬರುತ್ತಿತ್ತು, ಅದಕ್ಕೆ. ಇಷ್ಟು ವರ್ಷಗಳಲ್ಲಿ ಪ್ರಮೀಳಾ ಅವನಿಗೆ ಜ್ವರ ಬಂದಾಗ ಕಾಲೊತ್ತಿದ್ದಾಳೆ, ಜಗಳವಾಡಿದ್ದಾಳೆ, ಅವನ ಅಂಗಿಗೆ ಗುಂಡಿ ಹಾಕಿದ್ದಾಳೆ. ಪ್ರತಿಸಲವೂ, ಬೇರೆಯವರಿಗೆ ಸೇರಬೇಕಾದ ಸಾಮಾನನ್ನು ವಾಪಸು ಕೊಡಲು ಮರೆತವನ ಹಾಗೆ ಅವನಿಗೆ ಒಳಗೇ ಅಳುಕು. ನಾದಿನಿಯ, ಅಲ್ಲ, ಅತ್ತಿಗೆಯ ಮನೆಗೆ ಹೋದರೆ ಅವನು ಕೋಡುಬಳೆ ಮುಟ್ಟುವುದಿಲ್ಲ.

ಕೊನೆಗೆ ಅವನು ಭಾರವನ್ನು ಆಡಳಿತ ಮಂಡಳಿಯ ಮೇಲೆ ಹಾಕಿದ. ಸಭೆಯ ವಿಷಯಗಳಲ್ಲಿ "ಪರೀಕ್ಷಾ ವ್ಯವಸ್ಥೆಗೆ ವರ್ಚುವಲೈಜೇಷನ್ ತಂತ್ರಾಂಶ ಆಯ್ಕೆ" ಎಂದು ಸೇರಿಸಿದ. ಡೈರಿಯಲ್ಲಿ ಟೆಸ್ಟ್ ಅಂದರೆ ಹಾಲಿನ ಫ್ಯಾಟು ನೋಡುವುದು, ಹಾಗಾಗಿ ನಿರ್ದೇಶಕರೆಲ್ಲ ಫ್ಯಾಟಿನ ಜಗಳಕ್ಕೆ ಸಿದ್ಧರಾಗಿಯೇ ಬಂದಿದ್ದರು. ಅಧ್ಯಕ್ಷ ನಂಜಪ್ಪ ಮೇಜಿನ ತಲೆಯಲ್ಲಿ ಕೂತಿದ್ದ. ಹೋದ ಚುನಾವಣೆಯಲ್ಲಿ ಒಂದೇ ವೋಟಿನಿಂದ ಅವನಿಗೆ ಸೋತ ಸಿದ್ದರಾಜು ಎದುರು ತುದಿಯಲ್ಲಿ, ಅಲ್ಲೂ ಒಂದು ತಲೆಯಿದೆ ಅನ್ನುವ ಹಾಗೆ ಕುರ್ಚಿಯನ್ನು ನೇರ ಮಾಡಿಕೊಂಡು ಕೂತಿದ್ದ. ನಿರ್ದೇಶಕರು ಅರ್ಧ ಅವನ ಕಡೆ, ಅರ್ಧ ಇವನ ಕಡೆ.

"ಅದೇನ್ಲಾ ಅದು, ಬುಡ್ಸಿ ಯೋಳು" ಎಂದ ನಂಜಪ್ಪ.

"ಕಂಪ್ಯೂಟರ್ ಒಳ್ಗೇ ಇನ್ನೊಂದು ಕಂಪ್ಯೂಟರು ಗೌಡ್ರೆ. ಅದ್ರೊಳಗೆ ನಮ್ ಡೈರಿದೇ ನಕಲು. ಇವ್ರೇ ಮೆಂಬರುಗಳು, ಇದೇ ಲೆಕ್ಕ. ಏನ್ ಬದಲಾಯಿಸ್ಬೇಕಾದ್ರೂವೆ ಮೊದ್ಲು ಅಲ್ಲಿ ಮಾಡಿ ನೋಡದು. ಅಲ್ಲಿ ತೊಂದ್ರೆ ಆಗ್ನಿಲ್ಲ ಅಂದ್ರೆ ಆಮೇಕೆ ಇಲ್ಲಿ ಮಾಡದು."

ನಂಜಪ್ಪ ಕನ್ನಡಕ ತೆಗೆದು ಒರೆಸಿದ.

"ಅಲ್ಲಿ ಅಧ್ಯಕ್ಷ ಯಾರು?"

"ನೀವೇ."

"ನಾನ್ ಇಲ್ಲಿವ್ನಲ್ಲ?"

"ಅಲ್ಲೂ ನೀವೇಯ. ನಕಲಲ್ವಾ."

"ಎಲೆಕ್ಸನ್ನೇ ಆಗ್ದೆ ಅಲ್ಲಿ ಎಂಗ್ಲಾ ಅಧ್ಯಕ್ಷ ಆದ?" ಎಂದು ಸಿದ್ದರಾಜು ಎದ್ದು ನಿಂತ.

ಮಹದೇವಸ್ವಾಮಿ ಅಲ್ಲಿಗೆ ಬಿಡದೆ ಎರಡು ತಂತ್ರಾಂಶಗಳ ಗುಣದೋಷಗಳನ್ನು ಓದಿದ. ಒಂದನ್ನು ಹಾಗೇ ಇಳಿಸಿಕೊಳ್ಳಬಹುದು, ಇನ್ನೊಂದಕ್ಕೆ ಮೊದಲು ಅವರ ಜಾಲತಾಣದಲ್ಲಿ ಹೆಸರು ವಿಳಾಸ ಕೊಟ್ಟು ಖಾತೆ ತೆರೆಯಬೇಕು. ಎರಡಕ್ಕೂ ಈಗ ಕಾಸಿಲ್ಲ. ಎರಡರಲ್ಲೂ ಒಳಗಿನ ಕಂಪ್ಯೂಟರನ್ನು ಅತಿಥಿ ಅನ್ನುತ್ತಾರೆ, ಹೊರಗಿನ ಮೆಮೊರಿಯಲ್ಲಿ ಒಂದು ಪಾಲನ್ನು ಅತಿಥಿಗೆ ಬಿಟ್ಟುಕೊಡಬೇಕು. "ಎಷ್ಟ್ ಪಾಲು?" ಎಂದು ಒಬ್ಬ ಕೇಳಿದ. "ಅರ್ಧ" ಅಂದ. "ನೆಂಟನ್ಗೆ ಅರ್ಧ ಮನೆ ಬುಟ್ಕೊಟ್ರೆ ಮನೆಯವ್ರು ಎಲ್ಲಿ ಮನೀಕಬೇಕು?" ಇದರ ಮೇಲೆ ಬಹಳ ಹೊತ್ತು ಚರ್ಚೆ ನಡೆಯಿತು. ಮೆಮೊರಿ ಹೆಚ್ಚಿಸಲು ಒಪ್ಪಿಗೆಯಾಯಿತು. ಆಮೇಲೆ ನಂಜಪ್ಪ, "ಬಾಕ್ಸು ಅಂದ್ರೆ ಪೆಟ್ಗೆ. ಪೆಟ್ಗೆಗೆ ಮುಚ್ಚಳ ಇರ್ತದೆ. ಒಳಗಿರೋ ಅಧ್ಯಕ್ಷ ಈಚೆಗೆ ಬರಕಿಲ್ಲ. ನಂದು ಬಾಕ್ಸು" ಎಂದ. "ಅಂಗಾರೆ ನಂದು ಇನ್ನೊಂದು" ಎಂದ ಸಿದ್ದರಾಜು. ಇನ್ನೊಂದರ ಹೆಸರನ್ನು ಅವನು ಕೇಳಿಸಿಕೊಂಡಿರಲೇ ಇಲ್ಲ. ಕೈ ಎತ್ತಿಸಿದರು. ಸಮಸಮ. ಅಧ್ಯಕ್ಷರ ಹೆಚ್ಚುವರಿ ವೋಟಿನಿಂದ ವರ್ಚುವಲ್‌ಬಾಕ್ಸ್ ಗೆದ್ದಿತು. ಸಿದ್ದರಾಜುವಿನ ಕಡೆಯವರು ಟವೆಲು ಕೊಡವಿ ಎದ್ದರು; ಅವರು ಹೋದರೆ ಕೋರಂ ಇಲ್ಲ, ಉಳಿದ ವಿಷಯವೆಲ್ಲ ನಿಲ್ಲುತ್ತದೆ. ಬಾಗಿಲಲ್ಲಿ ಗುಸುಗುಸು ನಡೆಯಿತು. ಕೊನೆಗೆ ನಂಜಪ್ಪನೇ ಎದ್ದು ಹೋಗಿ ಸಿದ್ದರಾಜುವಿನ ಹೆಗಲ ಮೇಲೆ ಕೈ ಹಾಕಿ, "ಆಗ್ಲಿ ಬಾರ್ಲಾ. ಪೆಟ್ಗೆ ನಂದಾಗ್ಲಿ, ಒಳ್ಗಿನ್ ಕುರ್ಚಿ ನಿಂದಾಗ್ಲಿ" ಎಂದ. ಎಲ್ಲರೂ ಮೇಜು ಬಡಿದರು. ಟೀ ಬಂತು. ಮಹದೇವಸ್ವಾಮಿ ಆ ಗದ್ದಲದಲ್ಲಿ ಕೈಯಲ್ಲಿ ಹಾಳೆ ಹಿಡಿದು, ತಾನು ತಿಂಗಳಿಡೀ ಹೊತ್ತು ತಿರುಗಿದ್ದನ್ನು ಇವರು ಟೀ ಬರುವುದರೊಳಗೆ ಮುಗಿಸಿದರಲ್ಲ ಎಂದು ನಾಚಿಕೊಂಡ. ವಿಎಂವೇರ್‌ನ ಬಗ್ಗೆ ಮನಸ್ಸಿನಲ್ಲಿ ಒಂದು ಸಣ್ಣ ಕ್ಷಮೆ ಕೇಳಿಕೊಂಡ.

ಕೆ.ಆರ್. ಪೇಟೆಗೆ ಹೋಗಿ ಮೆಮೊರಿ ತಂದ. ಅಂಗಡಿಯವನು, "ಯಾವ ಕಂಪನಿದು ಕೊಡ್ಲಿ ಸಾರ್?" ಎಂದಾಗ ಅವನು ಒಂದು ಹೆಜ್ಜೆ ಹಿಂದೆ ಸರಿದ. "ನಮ್ಮ ಆಡಳಿತ ಮಂಡಳಿನ ಕೇಳ್ಬೇಕು" ಎಂದ. ಅಂಗಡಿಯವನು ಅವನನ್ನು ಒಂದು ಸಲ ನೋಡಿ, ತಾನೇ ಒಂದನ್ನು ತೆಗೆದು ಕವರಿಗೆ ಹಾಕಿದ.

ಒಳಗಿನ ಡೈರಿಯನ್ನು ಕಟ್ಟುವುದು ಅವನು ಅಂದುಕೊಂಡಿದ್ದಕ್ಕಿಂತ ಸುಲಭವಾಗಿತ್ತು. ಪೆಟ್ಟಿಗೆಯೊಳಗೆ ವಿಂಡೋಸ್ ಎದ್ದು ಕೂತಿತು, ಅದರೊಳಗೆ ಹಾಲಿನ ತಂತ್ರಾಂಶ ಎದ್ದು ಕೂತಿತು. ಅವನ ಹತ್ತಿರ ಇದ್ದ ಒಂದೇ ಒಂದು ಪೂರ್ತಿ ಬ್ಯಾಕಪ್ ಅದೇ ಕೆಟ್ಟ ಬೆಳಗಿನದು. ಹಾಗಾಗಿ ಒಳಗಿನ ಡೈರಿಯಲ್ಲಿ ಆ ಬೆಳಗು ಕಳೆದೇ ಇರಲಿಲ್ಲ, ಸಾಲಿನಿಂದ ಸಾಲಿಗೆ ಮಂಚಮ್ಮ, ಮಂಚಮ್ಮ, ಮಂಚಮ್ಮ. ಅದನ್ನು ಅಳಿಸಲು ಅವನು ಕೈ ಎತ್ತಿದ. ಬಾಗಿಲಲ್ಲಿ ಮಂಚಮ್ಮನೇ ನಿಂತಿದ್ದಳು, ಯಾರು ಹೇಳಿದ್ದರೋ. "ಪೆಟ್ಗೆ ಒಳ್ಗೆ ನನ್ನಾಲು ಅಂಗೇ ಅದಂತಲ್ಲಪ್ಪ, ಒಂಚೂರು ತೋರ್ಸು" ಎಂದಳು. ಓದಲು ಬಾರದ ಅವಳು ಬೆರಳನ್ನು ಪರದೆಯ ಮೇಲೆ ಇಟ್ಟು ಮೇಲಿಂದ ಕೆಳಗೆ ಇಳಿಸಿದಳು. "ಇವೆಲ್ಲ ನಾನಾ?"

"ಇದು ದಿಟ ಅಲ್ಲ ಕಣವ್ವ. ಟೆಸ್ಟು."

"ಗೊತ್ತು ಬುಡು ಮಗ. ನೋಡುದ್ರೆ ಯಾರ್ ಗಂಟೇನು ಓಯ್ತದೆ?"

ಅವನು ಅಳಿಸಲಿಲ್ಲ. ಅಂದಿನಿಂದ ಅವಳು ದಿನಾ ಬರತೊಡಗಿದಳು, ತನ್ನ ಸಣ್ಣ ಕ್ಯಾನಿನ ತಳದಲ್ಲಿದ್ದ ಇಷ್ಟೇ ಇಷ್ಟು ಹಾಲನ್ನು ಹೊರಗಿನ ಡೈರಿಗೆ ಸುರಿದು, ಒಳಗಿನ ಡೈರಿಯಲ್ಲಿ ತನ್ನ ಹಾಲನ್ನು ನೋಡಿಕೊಂಡು ಹೋಗತೊಡಗಿದಳು.

ಸಿದ್ದರಾಜು ಒಳಗಿನ ಡೈರಿಯ ಅಧಿಕಾರ ವಹಿಸಿಕೊಂಡದ್ದು ಒಂದು ಸೋಮವಾರ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ, ತನ್ನ ಕಡೆಯವರನ್ನೆಲ್ಲ ಕರೆದುಕೊಂಡು, ನಾಗಮಂಗಲದಿಂದ ತರಿಸಿದ ಹಾರ ಹಾಕಿಸಿಕೊಂಡು ಬಂದ. ನಂಜಪ್ಪ ಸೌಜನ್ಯಕ್ಕೆ ಬಂದು ಕೈ ಮುಗಿದು ಹೋದ. ಮಹದೇವಸ್ವಾಮಿ ಪರದೆಯಲ್ಲಿ ಅಧ್ಯಕ್ಷರ ಹೆಸರು ಬದಲಾಯಿಸಿ ತೋರಿಸಿದಾಗ ಸಿದ್ದರಾಜು ಅದನ್ನು ಗಟ್ಟಿಯಾಗಿ ಓದಿದ, ಮತ್ತೊಮ್ಮೆ ಓದಿದ. ಅವನ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು. ಆಮೇಲೆ ಏನು ಮಾಡುವುದೆಂದು ಯಾರಿಗೂ ತೋಚಲಿಲ್ಲ. ಹೊಸ ಅಧ್ಯಕ್ಷ ಕುರ್ಚಿಯಲ್ಲಿ ಅತ್ತಿತ್ತ ಹೊರಳಿದ.

"ಏನಾರ ಒಂದ್ ಆರ್ಡ್ರು ಮಾಡ್ಬೇಕಲ್ವೇನ್ಲಾ? ಒಸಾ ಅಧ್ಯಕ್ಷ ಬಂದವ್ನೆ ಅಂತ ಗೊತ್ತಾಗ್ಬೇಡ್ವ?"

"ಮಾಡಿ ಅಣ್ಣ."

ಸಿದ್ದರಾಜು ಬಹಳ ಹೊತ್ತು ಯೋಚಿಸಿದ. ಸೂರು ನೋಡಿದ, ಕ್ಯಾನುಗಳನ್ನು ನೋಡಿದ, ಕೊನೆಗೆ ಕೋಣೆಯಲ್ಲಿ ಬೇರೇನೂ ಸಿಗದೆ ಮಹದೇವಸ್ವಾಮಿಯನ್ನು ನೋಡಿದ.

"ಸೆಕ್ರೆಟ್ರಿನ ತಗುದ್ಬುಡು."

"ಯಾರ್ನ?"

"ನಿನ್ನೇಯ. ಬೇಜಾರ್ ಮಾಡ್ಕಬ್ಯಾಡ ಕಣ್ಲಾ, ನನಗೂ ನಿನಗೂ ಏನಿದ್ದದು? ಟೆಸ್ಟ್ ತಾನೆ."

ಸುತ್ತ ನಿಂತವರು ನಕ್ಕರು. ಅವನೂ ನಕ್ಕ. ನಗುತ್ತಲೇ ಸಿಬ್ಬಂದಿ ಎಂಬ ಪುಟ ತೆರೆದು, ತನ್ನ ಹೆಸರಿನ ಮುಂದೆ ಗುರುತು ಹಾಕಿ, ತೆಗೆದುಹಾಕು ಎಂಬುದನ್ನು ಒತ್ತಿದ. ಖಚಿತವೇ ಎಂದು ಅದು ಕೇಳಿತು. ಯಾರೂ ಅವನಿಗೆ ಅಷ್ಟು ಮರ್ಯಾದೆಯಿಂದ ಏನನ್ನೂ ಕೇಳಿರಲಿಲ್ಲ. ಒಂದು ಗಳಿಗೆ ಮೌಸು ಅಲ್ಲೇ ನಿಂತಿತು. "ಒತ್ಲಾ" ಎಂದ ಸಿದ್ದರಾಜು, ಅವನು ಒತ್ತಿದ. ಕೆಳಗಿನ ಸಾಲು ಮೇಲಕ್ಕೆ ಸರಿದು ಖಾಲಿ ಜಾಗವನ್ನು ಮುಚ್ಚಿಕೊಂಡಿತು, ನೀರಿಗೆ ಹಾಕಿದ ಕಲ್ಲಿನ ಮೇಲೆ ನೀರು ಮುಚ್ಚಿಕೊಂಡಂತೆ. ಜನ ಲಾಡು ತಿಂದು ಹೋದ ಮೇಲೆ ಒಬ್ಬನೇ ಕೂತು ಒಳಗಿನ ಡೈರಿಗೆ ಹೋಗಲು ನೋಡಿದ. ಈ ಹೆಸರಿನವರು ಯಾರೂ ಇಲ್ಲ ಎಂದು ಅದು ಹೇಳಿತು. ಕಾಗುಣಿತ ತಪ್ಪಾಗಿರಬಹುದೆಂದು ತನ್ನ ಹೆಸರನ್ನು ನಿಧಾನವಾಗಿ, ಒಂದೊಂದೇ ಅಕ್ಷರ ನೋಡಿಕೊಂಡು ಇನ್ನೊಮ್ಮೆ ಹೊಡೆದ. ಇಲ್ಲ.

ತಾನು ಮಾಡಿದ ಕೆಲಸದ ಮೂರ್ಖತನ ಆಗ ಹೊಳೆಯಿತು. ಹೊಸ ಆವೃತ್ತಿಯನ್ನು ಒಳಗೆ ಹಾಕಿ ನೋಡಬೇಕು, ದಿನದ ಹಾಲನ್ನು ಅಲ್ಲಿಗೂ ತುಂಬಿ ಸರಿಯಿದೆಯೇ ನೋಡಬೇಕು, ಅದಕ್ಕೆಂದೇ ಇದನ್ನೆಲ್ಲ ಕಟ್ಟಿದ್ದು. ಈಗ ಒಳಗೆ ಹೋಗುವ ಹಕ್ಕಿರುವುದು ಮೌಸು ಹಿಡಿಯಲು ಬಾರದ ಸಿದ್ದರಾಜುವಿಗೊಬ್ಬನಿಗೇ. ಗದ್ದೆಯ ಬದುವಿನ ಮೇಲೆ ಹೋಗಿ ಅವನನ್ನು ಕಂಡು ಪಾಸ್‌ವರ್ಡು ಕೇಳಿದ. "ಅಧ್ಯಕ್ಷರೇ ಅಂತ ಕರುದ್ರೆ ಯೋಳ್ತೀನಿ" ಎಂದ ಸಿದ್ದರಾಜು, ಅರ್ಧ ತಮಾಷೆಗೆ. "ಅಧ್ಯಕ್ಷರೇ" ಎಂದ ಮಹದೇವಸ್ವಾಮಿ. ಕಬ್ಬಿಗೆ ನೀರು ಕಟ್ಟುತ್ತಿದ್ದ ಆಳು ತಿರುಗಿ ನೋಡಿದ. ಅಧಿಕಾರದ ದಿನ ತನ್ನ ಕಡೆಯವನೊಬ್ಬನಿಂದ ಹೊಡೆಸಿದ್ದ ಆ ಪಾಸ್‌ವರ್ಡು ಸಿದ್ದರಾಜುವಿನ ಹೆಸರೇ ಆಗಿತ್ತು. ಇನ್ನೊಬ್ಬರ ಪಾಸ್‌ವರ್ಡಿನಲ್ಲಿ ಕೆಲಸ ಮಾಡುವುದು ದೊಡ್ಡ ತಪ್ಪು ಎಂದು ದಿವ್ಯ ತರಬೇತಿಯಲ್ಲಿ ಎಲ್ಲರ ಹತ್ತಿರವೂ ಸಹಿ ಹಾಕಿಸಿಕೊಂಡಿದ್ದಳು. ದಿನವೂ ಹಾಲು ಮುಗಿದ ಮೇಲೆ ಅವನು ಬಾಗಿಲು ಅರ್ಧ ಮುಂದೆ ಮಾಡಿ, ಸಿದ್ದರಾಜುವಾಗಿ ಒಳಗೆ ಹೋಗಿ, ಸಿದ್ದರಾಜುವಾಗಿ ಲೆಕ್ಕ ತುಂಬಿ, ಸಿದ್ದರಾಜುವಾಗಿ ತಪ್ಪುಗಳನ್ನು ಹುಡುಕಿ, ಈಚೆಗೆ ಬಂದು ಮುಖ ತೊಳೆದುಕೊಳ್ಳುತ್ತಿದ್ದ.

ವಿಚಿತ್ರವೆಂದರೆ ಅವನ ಮನಸ್ಸು ಹೆಚ್ಚು ಹೆಚ್ಚಾಗಿ ಹೋಗುತ್ತಿದ್ದದ್ದು ಕೆಲಸದಿಂದ ತೆಗೆದುಹಾಕಿದ್ದ ಆ ಇನ್ನೊಬ್ಬ ಮಹದೇವಸ್ವಾಮಿಯ ಕಡೆಗೆ. ಅವನು ಈಗ ಏನು ಮಾಡುತ್ತಿರಬಹುದು? ನಸುಕಿನಲ್ಲಿ ಏಳುವ ಹಂಗಿಲ್ಲ. ಫ್ಯಾಟು ಕಡಿಮೆ ಬಂತೆಂದು ಯಾರೂ ಅವನ ಮೇಲೆ ಕೂಗುವುದಿಲ್ಲ. ಬಹುಶಃ ಬಿಸಿಲೇರಿದ ಮೇಲೆ ಎದ್ದು, ಹಲ್ಲುಜ್ಜುತ್ತ ಜಗಲಿಯಲ್ಲಿ ನಿಂತು, ಪ್ರಮೀಳಾ ಹೋಗುವುದನ್ನು ನೋಡಿ, ಈ ಹೆಂಗಸು ಚೆನ್ನಾಗಿದ್ದಾಳಲ್ಲ ಎಂದು ಮೊದಲ ಸಲ ನೋಡಿದವನಂತೆ ಅಂದುಕೊಳ್ಳುತ್ತಿರಬಹುದು. ಒಂದು ಮಧ್ಯಾಹ್ನ ಶೀಳನೆರೆಯ ಬ್ಯಾಂಕಿಗೆ ಹೊರಟವನು ನಾಲೆಯ ಏರಿಯ ಮೇಲೆ ಬೈಕು ನಿಲ್ಲಿಸಿ, ಆ ಇನ್ನೊಬ್ಬನ ಪರವಾಗಿ, ಸುಮ್ಮನೆ ನೀರು ನೋಡುತ್ತ ಕೂತ. ಹೋಗುವವರು, "ಏನ್ ಸೆಕ್ರೆಟ್ರಿ, ಇಲ್ಲಿ?" ಎಂದರು. ಎಷ್ಟೋ ಹೊತ್ತಿನ ಮೇಲೆ ಎದ್ದಾಗ ಬ್ಯಾಂಕು ಮುಚ್ಚಿತ್ತು. ಅಳುಕಾಗಲಿಲ್ಲ. ಅಳುಕಾಗದ್ದಕ್ಕೆ ಆಮೇಲೆ ಅಳುಕಾಯಿತು.

ಹೊಸ ಆವೃತ್ತಿ ಒಳಗೆ ಸೊಗಸಾಗಿ ನಡೆಯಿತು. ಆಯಾ ಮನೆಯವರ ಹಾಲು ಆಯಾ ಮನೆಯವರ ಹೆಸರಿಗೇ ಹೋಯಿತು. ದಿವ್ಯ ಫೋನಿನಲ್ಲಿ, "ವೆರಿ ಗುಡ್ ಸರ್, ಟೆಸ್ಟ್ ಪಾಸ್. ಒಂದು ರಿಪೋರ್ಟ್ ಬರೆದು ಬೋರ್ಡಿಗಿಟ್ಟು, ಇನ್ನು ಮೇನ್ ಸಿಸ್ಟಮ್‌ಗೆ ಹಾಕ್ಕೊಳಿ" ಎಂದಳು. ಅವನು ಒಂದು ಹಾಳೆಯ ವರದಿ ಬರೆದ. ಒಳಗಿನ ಡೈರಿಯಲ್ಲಿ ಆದ ಬದಲಾವಣೆಗಳನ್ನು ತಂತ್ರಾಂಶವೇ ಪಟ್ಟಿ ಮಾಡಿ ಕೊಡುತ್ತದೆ, ಅದನ್ನು ಹಾಗೇ ಕೆಳಗೆ ಸೇರಿಸಿದ. ಕೊನೆಯಲ್ಲಿ, "ಮೇಲ್ಕಂಡ ಬದಲಾವಣೆಗಳಿಂದ ಸಂಘದ ವ್ಯವಹಾರಕ್ಕೆ ಯಾವುದೇ ತೊಂದರೆ ಕಂಡುಬಂದಿರುವುದಿಲ್ಲ. ಇವನ್ನು ಮೂಲ ಕಂಪ್ಯೂಟರಿಗೂ ಅಳವಡಿಸಬಹುದಾಗಿದೆ" ಎಂದು ಬರೆದು ಸಹಿ ಹಾಕಿದ. ಚೆನ್ನಾಗಿ ಬಂದಿದೆ ಅನ್ನಿಸಿತು.

ಸಭೆಯಲ್ಲಿ ನಂಜಪ್ಪ ಪಟ್ಟಿಯನ್ನು ಬೆರಳಿಟ್ಟು ಓದಿದ. "ಒಸಾ ವರ್ಸನ್ನು. ಆಕು. ಮಂಚಮ್ಮನ ಆಲು. ಅದು ತಪ್ಪು ಅಂತ ಎಲ್ರಿಗೂ ಗೊತ್ತು, ಬ್ಯಾಡ. ಅಧ್ಯಕ್ಷರ ಬದಲಾವಣೆ." ಕನ್ನಡಕದ ಮೇಲಿನಿಂದ ಸಿದ್ದರಾಜುವನ್ನು ನೋಡಿದ. "ಅದು ಒಳಗೇ ಇರ್ಲಿ." ಸಿದ್ದರಾಜು ನಕ್ಕು ಕೈಯಾಡಿಸಿದ, ಅವನೀಗ ಯಾವುದಕ್ಕೂ ಜಗಳವಾಡುತ್ತಿರಲಿಲ್ಲ. "ಸೆಕ್ರೆಟ್ರಿನ ತಗದಿರೋದು." ನಂಜಪ್ಪನ ಬೆರಳು ಅಲ್ಲೇ ನಿಂತಿತು. "ಇದೇನಿದು?"

"ನಾನೇ ತಗ್ಸಿದ್ದೆ" ಎಂದ ಸಿದ್ದರಾಜು. "ತಮಾಸೆಗೆ."

"ಆಮೇಕೆ ಯಾರ್ನ ಆಕಿದ್ರಿ?"

"ಯಾರ್ನೂ ಇಲ್ಲ."

"ಅಂಗಾರೆ ಇಷ್ಟ್ ದಿನ ಒಳ್ಗೆ ಡೈರಿ ಯಾರ್ ನಡುಸ್ದೋರು?"

ಪಟ್ಟಿಯಲ್ಲಿ ಅಲ್ಲಿಂದ ಮುಂದಿನ ಎಲ್ಲ ಸಾಲಿನ ಮುಂದೆಯೂ ಸಿದ್ದರಾಜುವಿನ ಹೆಸರಿತ್ತು. ಸಿದ್ದರಾಜು ಅದನ್ನು ಬಗ್ಗಿ ನೋಡಿದ. ಮೊದಲು ಅವನ ಮುಖದಲ್ಲಿ ಆಶ್ಚರ್ಯ ಬಂತು, ಆಮೇಲೆ ನಿಧಾನವಾಗಿ ಇನ್ನೇನೋ ಬಂತು, ತಾನು ನಿದ್ದೆಯಲ್ಲಿ ಹೊಲ ಉತ್ತುಬಂದಿದ್ದೇನೆ ಎಂದು ಯಾರೋ ಹೇಳಿ, ಉತ್ತ ಹೊಲ ತೋರಿಸಿದಂತೆ. "ನಾನೇಯ" ಎಂದ. ಸುಳ್ಳು ಹೇಳುತ್ತಿದ್ದಾನೆ ಅನ್ನಿಸಲಿಲ್ಲ.

ಮಹದೇವಸ್ವಾಮಿ ಬಾಯಿ ತೆರೆದ. ನಾನೇ ತುಂಬಿದ್ದು ಎನ್ನಬೇಕು. ಎಂದರೆ, ಕೆಲಸದಿಂದ ತೆಗೆದ ಮೇಲೂ ಇನ್ನೊಬ್ಬರ ಹೆಸರಿನಲ್ಲಿ ಕಳ್ಳನ ಹಾಗೆ ಒಳಗೆ ಹೋಗುತ್ತಿದ್ದೆ ಎಂದ ಹಾಗಾಯಿತು. ಅದಕ್ಕೆ ಕೆಲಸ ಹೋಗುತ್ತದೆ. ಹೇಳದಿದ್ದರೂ ಹೋಗುವ ಹಾಗೆ ಕಾಣುತ್ತಿತ್ತು. ಎಡಗಡೆ ಒಂದು, ಬಲಗಡೆ ಒಂದು. ಅವನು ಎರಡನ್ನೂ ತೂಗಿ ನೋಡುತ್ತಿರುವಷ್ಟರಲ್ಲಿ ನಂಜಪ್ಪ ಮಾತು ಮುಂದುವರಿಸಿದ್ದ.

"ನೀನೇ ಯೋಳಿದ್ದಲ್ಲಪ್ಪ ಸಾಮಿ. ಏನೇ ಮಾಡುದ್ರೂ ಮೊದ್ಲು ಒಳ್ಗೆ ಮಾಡಿ ನೋಡದು, ತೊಂದ್ರೆ ಇಲ್ದಿದ್ರೆ ಈಚ್ಗೆ ಮಾಡದು. ನೋಡಿದ್ದಾಯ್ತು. ತೊಂದ್ರೆ ಇಲ್ಲ ಅಂತ ನೀನೇ ಬರ್ದು ರುಜು ಆಕಿದ್ದೀಯ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಸಂಕಟವೇ ಇತ್ತು. "ನಿನ್ ಮ್ಯಾಲೆ ನಮಗೇನೂ ಇಲ್ಲ ಕಣ್ಲಾ."

"ಏನೂ ಇಲ್ಲ" ಎಂದ ಸಿದ್ದರಾಜು. "ಚಿನ್ನದಂತ ಮನ್ಸ."

ಕೈ ಎತ್ತಿಸಿದರು. ಹೊರಗಿನ ಡೈರಿಯಿಂದಲೂ ಸೆಕ್ರೆಟರಿಯನ್ನು ತೆಗೆಯಲು ಎಲ್ಲ ಕೈಗಳೂ ಎದ್ದವು. ಈ ಡೈರಿ ಶುರುವಾದಾಗಿನಿಂದ ಎರಡು ಕಡೆಯವರೂ ಒಟ್ಟಿಗೆ ಕೈ ಎತ್ತಿದ್ದನ್ನು ಯಾರೂ ಕಂಡಿರಲಿಲ್ಲ. ಒಬ್ಬ ಹಿರಿಯ ನಿರ್ದೇಶಕ ಭಾವುಕನಾಗಿ ಪಕ್ಕದವನ ಕೈ ಹಿಡಿದುಕೊಂಡ. ಬಾಗಿಲ ಹತ್ತಿರ ಕ್ಯಾನು ಹಿಡಿದು ನಿಂತಿದ್ದ ಮಂಚಮ್ಮ ಮಾತ್ರ, "ಅವ್ನಿಲ್ದಿದ್ರೆ ನನ್ನಾಲ ಯಾರಪ್ಪ ತೋರ್ಸೋರು?" ಎಂದಳು. ಸಭೆಯಲ್ಲಿ ನಿರ್ದೇಶಕರಲ್ಲದವರು ಮಾತಾಡಬಾರದೆಂದು ಅವಳಿಗೆ ಹೇಳಿದರು. ವಾದದಲ್ಲಿ ಎಲ್ಲಿ ತಪ್ಪಿದೆ ಎಂದು ಮಹದೇವಸ್ವಾಮಿ ಹುಡುಕಿದ, ಸಿಗಲಿಲ್ಲ. ಅವನಿಗೆ ಒಂದು ಕಡೆ ತನ್ನ ವರದಿಯನ್ನು ಇಷ್ಟು ಗಮನವಿಟ್ಟು ಓದಿದರಲ್ಲ ಎಂಬ ಹೆಮ್ಮೆಯೂ ಇತ್ತು. ಬೇರೆ ಯಾರಿಗೂ ಬಾರದ್ದರಿಂದ ಮೂಲ ಕಂಪ್ಯೂಟರಿನಲ್ಲಿ ಹೊಸ ಆವೃತ್ತಿಯನ್ನೂ ಅವನೇ ಹಾಕಿದ, ಹೊಸ ಪಾಸ್‌ವರ್ಡನ್ನೂ ನಂಜಪ್ಪನ ಹೆಸರಿಗೆ ಮಾಡಿಕೊಟ್ಟ, ಸಿಬ್ಬಂದಿಯ ಪುಟದಿಂದ ತನ್ನ ಹೆಸರನ್ನೂ ತೆಗೆದ. ಈ ಸಲ ಖಚಿತವೇ ಎಂದು ಕೇಳಿದಾಗ ಕೈ ನಿಲ್ಲಲಿಲ್ಲ, ರೂಢಿಯಾಗಿತ್ತು.

ಪ್ರಮೀಳಾ ಸೊಪ್ಪು ಬಿಡಿಸುತ್ತ ಕೂತಿದ್ದಳು. ಅವನು ಹೇಳಿ ಮುಗಿಸುವವರೆಗೂ ತಲೆಯೆತ್ತಲಿಲ್ಲ.

"ಯಾವ್ ಮಾದೇವಸ್ವಾಮಿನ ತಗುದ್ರು? ಒಳಗಿನೋನ್ನಾ, ಈಚ್ಗಿನೋನ್ನಾ?"

"ಇಬ್ರುನೂ."

ಅವಳು ಸೊಪ್ಪಿನ ಕಡ್ಡಿಯನ್ನು ಕೈಯಲ್ಲೇ ಹಿಡಿದು ಅವನನ್ನು ನೋಡಿದಳು. ಆಮೇಲೆ ನಗತೊಡಗಿದಳು. ನಗು ನಿಲ್ಲಿಸಲಾಗದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ಕಣ್ಣಲ್ಲಿ ನೀರು ಬಂತು, ಅದು ಯಾವ ನೀರೆಂದು ಅವನಿಗೆ ತಿಳಿಯಲಿಲ್ಲ. "ಕೂತ್ಕಳಿ" ಎಂದಳು ಕೊನೆಗೆ. "ಈ ಸೊಪ್ನ ಬುಡ್ಸಿ ಕೊಡಿ." ಅವನು ಪಕ್ಕದಲ್ಲಿ ಕೂತು ಬಿಡಿಸಿದ.

ಮಾರನೆಯ ದಿನ ನಸುಕಿನಲ್ಲಿ ಕಾಲುಗಳು ಅವನನ್ನು ಎಬ್ಬಿಸಿದವು. ಮುಖ ತೊಳೆದು ಅಂಗಿ ತೊಟ್ಟು ಬೀದಿಗಿಳಿದ ಮೇಲೆ ತಾನು ಡೈರಿಗೆ ಹೋಗಬೇಕಾಗಿಲ್ಲ ಎಂಬುದು ನೆನಪಾಯಿತು, ಆದರೆ ಅಷ್ಟರಲ್ಲಿ ಅಲ್ಲಿಗೇ ಬಂದುಬಿಟ್ಟಿದ್ದ. ಡೈರಿಯ ಮುಂದೆ ಸಾಲು ಎಂದಿಗಿಂತ ಉದ್ದವಿತ್ತು. ಒಳಗೆ ನಂಜಪ್ಪ ಒಂದು ಬೆರಳಿನಿಂದ ಕೀಲಿಗಳನ್ನು ಹುಡುಕಿ ಹುಡುಕಿ ಒತ್ತುತ್ತಿದ್ದ, ಸಿದ್ದರಾಜು ತೂಕದ ಹತ್ತಿರ ನಿಂತು ತೋಳು ಮಡಿಸಿ ಹಾಲು ಸುರಿಸಿಕೊಳ್ಳುತ್ತಿದ್ದ. ಇಬ್ಬರೂ ಬೆವೆತಿದ್ದರು, ಯಾವುದೋ ಮದುವೆ ಮನೆಯ ಅಡುಗೆಗೆ ನಿಂತವರಂತೆ ಖುಷಿಯಾಗಿದ್ದರು. ಸಾಲಿನ ಪಕ್ಕದಲ್ಲಿ ನಿಲ್ಲುವುದು ಹೇಗೆ ಎಂದು ತಿಳಿಯದೆ ಮಹದೇವಸ್ವಾಮಿ ಸಾಲಿನಲ್ಲೇ ನಿಂತ. ಮುಂದಿನವರು ಸರಿದಾಗ ಸರಿದ. ಹಿಂದೆ ಜನ ಬಂದು ಸೇರಿದರು. ಬಿಸಿ ಹಾಲಿನ ವಾಸನೆ, ಒದ್ದೆ ಸಗಣಿಯ ವಾಸನೆ, ಯಾರದೋ ಬೀಡಿ. ಇಷ್ಟು ವರ್ಷ ಈ ಬೆನ್ನುಗಳನ್ನು ಅವನು ಕಂಡೇ ಇರಲಿಲ್ಲ, ಬರೀ ಮುಖಗಳನ್ನು ಕಂಡಿದ್ದ. ಹೀಗೇ ಸರಿಯುತ್ತ ಸರಿಯುತ್ತ ಅವನ ಸರದಿ ಬಂತು.

"ನಂಬರು?" ಎಂದ ನಂಜಪ್ಪ ತಲೆಯೆತ್ತದೆ. ಆಮೇಲೆ ಎತ್ತಿ ನೋಡಿ, "ಓ, ನೀನಾ. ನಂಬರೇಳ್ಲಾ" ಎಂದ.

ಊರಿನ ಎಲ್ಲರ ಸದಸ್ಯ ಸಂಖ್ಯೆಯೂ ಅವನ ಬಾಯಲ್ಲಿತ್ತು. ತನ್ನದು ಬರಲಿಲ್ಲ. ನಂಜಪ್ಪ ಸದಸ್ಯರ ಪಟ್ಟಿಯಲ್ಲಿ ಹೆಸರಿನಿಂದಲೇ ಹುಡುಕಿ ತೆಗೆದ.

"ಆಲೆಲ್ಲಿ?"

"ತಂದಿಲ್ಲ."

ಇದಕ್ಕೆ ಸಿಟ್ಟು ಮಾಡಬೇಕೆಂದು ಇಬ್ಬರು ಅಧ್ಯಕ್ಷರಿಗೂ ತೋಚಲಿಲ್ಲ. ಅವರಿಗೆ ಅಂದು ಬೆಳಿಗ್ಗೆಯಿಂದ ಎಲ್ಲವೂ ಹೊಸದೇ. "ತರ್ದಿದ್ರೆ ಏನ್ ಒತ್ಬೇಕು?" ಎಂದು ನಂಜಪ್ಪ ಅವನನ್ನೇ ಕೇಳಿದ.

"ಸೊನ್ನೆ."

ನಂಜಪ್ಪ ಸೊನ್ನೆಯನ್ನು ಹುಡುಕಿ ಒತ್ತಿದ. ಕಂಪ್ಯೂಟರು ಮುಂದೆ ಹೋಗಲಿಲ್ಲ. ಪರದೆಯ ನಡುವೆ ಸಣ್ಣದೊಂದು ಚೌಕ ಬಂದು ನಿಂತಿತು. ನಂಜಪ್ಪ ಅದನ್ನು ಓದಿ ಹುಬ್ಬು ಗಂಟಿಕ್ಕಿದ.

"ಅಸೀನದಾ, ಎಮ್ಮೇದಾ ಅಂತದೆ."

"ಆಲೇ ಇಲ್ವಲ್ಲ" ಎಂದ ಸಿದ್ದರಾಜು.

"ಇಲ್ದಿದ್ರೂವೆ ಯೋಳ್ಬೇಕಂತೆ. ಯೋಳ್ದೆ ಬುಡಕಿಲ್ಲ ಅಂತದೆ."

ಹಿಂದಿನಿಂದ ಯಾರೋ, "ಬೇಗ ಯೋಳಪ್ಪ, ಆಲ್ ಒಡ್ದೋಯ್ತದೆ" ಎಂದು ಕೂಗಿದರು. ಸಾಲು ಬಗ್ಗಿ ನೋಡಿತು. ನಂಜಪ್ಪನ ಬೆರಳು ಗಾಳಿಯಲ್ಲಿ ಕಾಯುತ್ತಿತ್ತು. ಮಹದೇವಸ್ವಾಮಿ ಪಕ್ಕಕ್ಕೆ ನೋಡಲಿಲ್ಲ, ಯಾರು ಏನು ಹೇಳಿದರು ಎಂದು ಕಿವಿ ಕೊಡಲಿಲ್ಲ. ಅವನ ಕಣ್ಣ ಮುಂದೆ ಒಂದು ಪ್ರಾಣಿ ಬಂದು ನಿಂತಿತ್ತು, ಕಪ್ಪಗೆ, ಕೆರೆಯಿಂದ ಆಗಷ್ಟೇ ಎದ್ದು ಬಂದದ್ದು, ಕೊಂಬಿನಿಂದ ನೀರು ತೊಟ್ಟಿಕ್ಕುತ್ತಿದ್ದದ್ದು.

"ಎಮ್ಮೆ" ಎಂದ.

ದನಿ ಅವನು ಅಂದುಕೊಂಡದ್ದಕ್ಕಿಂತ ಜೋರಾಗಿ ಬಂತು. ಯಂತ್ರ ಕಿರ್ರೆಂದು ಚೀಟಿಯನ್ನು ಹೊರಗೆ ದೂಡಿತು. ನಂಜಪ್ಪ ಅದನ್ನು ಹರಿದು ಕೊಟ್ಟ. ಅವನು ಮೆಟ್ಟಿಲಿಳಿದು ಬೆಳಕಿಗೆ ಹಿಡಿದು ಓದಿದ: ತನ್ನ ಹೆಸರು, ಬೆಳಿಗ್ಗೆ, ಎಮ್ಮೆ, ಸೊನ್ನೆ ಲೀಟರು. ಎಲ್ಲ ಸರಿಯಾಗಿಯೇ ಇತ್ತು.